ಹಳೆಯ ಗುರುತು, ಹೊಸ ನೀರು

ಅಪ್‌ಗ್ರೇಡ್ ಮಾಡು ಎಂದು ಯಾರೂ ಹೇಳಿರಲಿಲ್ಲ.
ಎರಡು ತಿಂಗಳು ಬೋಟುಗಳು ತಾಡಪಾಲು ಹೊದ್ದು ಮಲಗಿದ್ದವು,
ಸೊಸೈಟಿಯ ಕಂಪ್ಯೂಟರಿಗೂ ಕೆಲಸವಿರಲಿಲ್ಲ,
ಪರದೆಯ ಮೂಲೆಯಲ್ಲೊಂದು ಸೂಚನೆ ದಿನವೂ ಮಿಣುಕುತ್ತಿತ್ತು.
ಒತ್ತಿದೆ.
ಅದು ಜುಲೈ ಮೂವತ್ತೊಂದರ ಸಂಜೆ ಎಂಬುದು
ಒತ್ತಿದ ಮೇಲೆ ನೆನಪಾಯಿತು.

ನಡುರಾತ್ರಿಗೆ ನಿಷೇಧ ಮುಗಿಯುತ್ತದೆ.
ಕೋಡಿಬಾಗದ ಜೆಟ್ಟಿಯಲ್ಲಿ ಇಪ್ಪತ್ತೆರಡು ಬೋಟು,
ಒಂದೊಂದಕ್ಕೂ ಡೀಸೆಲ್ ಚೀಟಿ,
ಚೀಟಿ ಹುಟ್ಟುವುದು ಈ ಡಬ್ಬಿಯಲ್ಲಿ.
ಡಬ್ಬಿಯೋ, ಕಪ್ಪು ಪರದೆಯ ಮೇಲೆ ಮೂರೇ ಸಾಲು ಬರೆದು ಕೂತಿದೆ:
ಯಾವುದೋ ಒಂದು ಹೆಸರು ಸಿಗಲಿಲ್ಲವಂತೆ.
ರಕ್ಷಣೆಯ ಸ್ಥಿತಿಗೆ ಇಳಿಯುತ್ತದಂತೆ.
ಗ್ರಬ್ ರೆಸ್ಕ್ಯೂ, ಅದರ ಮುಂದೆ
ಗಾಳದ ಮೊನೆಯಂಥ ಒಂದು ಗುರುತು.
ಯಾರು ಯಾರನ್ನು ರಕ್ಷಿಸಬೇಕು, ಅದು ಬರೆದಿಲ್ಲ.

'ಸುಗಂಧಾಬಾಯಿ, ಆಯಿತಾ?' ಪಂಪಿನಿಂದ ಅಗ್ನೇಲನ ಕೂಗು.
ಆಗ್ತದೆ, ಅಂದೆ.
ಮೂರು ಸಲ ಸ್ವಿಚ್ಚು ಆರಿಸಿ ಹಾಕಿದೆ.
ಉಪ್ಪುಗಾಳಿಗೆ ತುಕ್ಕು ಹಿಡಿದ ಮೈಗೆ ಒಂದು ಏಟನ್ನೂ ಕೊಟ್ಟೆ.
ಎಲ್ಲೆಸ್ ಎಂದು ಬರೆದರೆ ಡಿಸ್ಕುಗಳ ಹೆಸರು ಹೇಳುತ್ತದೆ,
ಎರಡೂ ಇವೆ, ಹಳೆಯದು, ಹೋದ ವರ್ಷ ಸೇರಿಸಿದ್ದು.
ಕಡತಗಳೂ ಇವೆ. ಎಲ್ಲಾ ಇದ್ದೂ
ಏಳುವುದಿಲ್ಲ.

ತುಳಸೋ ತಾಂಡೇಲ ಬಂದು ಐಸ್ ಪೆಟ್ಟಿಗೆಯ ಮೇಲೆ ಕೂತ.
ಮೊದಲ ಚೀಟಿ ಯಾವತ್ತೂ ಅವನದು.
'ಇಂಜಿನ್ ಕೆಟ್ಟಿತೇ?'
ಇಂಜಿನ್ ಸರಿಯಿದೆ, ಬಾಗಿಲಲ್ಲಿ ನಿಂತು
ಅದನ್ನು ಎಬ್ಬಿಸುವವನೊಬ್ಬನಿದ್ದಾನೆ, ಅವನಿಗೆ ದಾರಿ ತಪ್ಪಿದೆ.
ನಗುತ್ತಾನೆಂದುಕೊಂಡೆ. ನಗಲಿಲ್ಲ. ಕಾಳಿಯ ಕಡೆ ಮುಖ ಮಾಡಿದ:

'ಮಳೆಗಾಲ ಮರಳು ಸರಿಸ್ತದೆ. ಅಳಿವೆ ಬಾಯಿ
ಹೋದ ವರ್ಷದ ಜಾಗದಲ್ಲಿ ಇರೋದಿಲ್ಲ.
ಆದರೆ ಕೈಗೆ ಹೋದ ವರ್ಷದ್ದೇ ಪಾಠ,
ಬೆನ್ನಿಗೆ ಸೇತುವೆಯ ಕಂಬ, ಎದುರಿಗೆ ದೇವಗಡದ ದೀಪ,
ಎರಡೂ ಒಂದು ಗೆರೆಗೆ ಬಂದರೆ ಸೀದಾ ಹೋಗು ಅಂತ.
ಹಾಗೆ ಸೀದಾ ಹೋಗಿ ಎರಡು ಬೋಟು ದಿಬ್ಬಕ್ಕೆ ಹತ್ತಿಸಿದೀನಿ.'

ಹೊಳೆಯಿತು. ಪೂರ್ತಿ ಅಲ್ಲ, ಅರ್ಧ.
ಹೊಸ ಗ್ರಬ್ಬು ಬಂದಿದೆ, ಬಂದು
ಎರಡನೆಯ ಡಿಸ್ಕಿನ ಹೊಸ್ತಿಲಲ್ಲಿ ಕೂತಿದೆ.
ಮೊದಲನೆಯದರ ಹೊಸ್ತಿಲಲ್ಲಿ ಇನ್ನೂ ಹಳಬ,
ಒಳಗಿನವರೆಲ್ಲ ಹೊಸಬರು,
ಅವರು ಕೇಳುವ ಮಾತೊಂದು
ಅವನ ಬಾಯಲ್ಲಿಲ್ಲ.

ಮೇಜಿನ ಖಾನೆಯಲ್ಲಿ, ಮೊಹರುಗಳ ನಡುವೆ,
ಐಟಿಐ ಹುಡುಗನೊಬ್ಬ ಬಿಟ್ಟುಹೋದ ಪೆನ್‌ಡ್ರೈವ್.
ಅದರಿಂದ ಎಬ್ಬಿಸಿದರೆ ಇದೇ ಡಬ್ಬಿ ಪರವೂರು,
ಸೊಸೈಟಿಯ ಹೆಸರಿಲ್ಲ, ಬಾಕಿದಾರರಿಲ್ಲ,
ನನ್ನ ಪಾಸ್‌ವರ್ಡನ್ನೂ ಕೇಳುವುದಿಲ್ಲ.
ಅಲ್ಲಿ ಕೂತು ನಮ್ಮ ಡಿಸ್ಕನ್ನು ಮೌಂಟ್ ಮಾಡಿ,
ಪರರ ದೋಣಿಯಿಂದ ಬಾಗಿ ನಮ್ಮ ಚುಕ್ಕಾಣಿ ಹಿಡಿದ ಹಾಗೆ
ಬೇರು ಬದಲಿಸಿ ಒಳಹೊಕ್ಕೆ.
ಗ್ರಬ್ ಇನ್‌ಸ್ಟಾಲ್. ಕೊನೆಯ ಅಕ್ಷರ
ಎ. ಬಿ ಅಲ್ಲ.
ಎಂಟರ್ ಒತ್ತುವ ಮೊದಲು ತುಳಸೋಗೂ ತೋರಿಸಿದೆ,
ಅವನಿಗೆ ಓದಲು ಬಾರದು, ಆದರೂ ತಲೆಯಾಡಿಸಿದ.

ಮುಗಿಯಿತು, ಯಾವ ದೋಷವೂ ವರದಿಯಾಗಿಲ್ಲ, ಅಂದಿತು.
ನಮ್ಮ ಆಡಿಟರ್ ಸಾಹೇಬರೂ ಪ್ರತಿವರ್ಷ ಇದನ್ನೇ ಬರೆಯುತ್ತಾರೆ.

ಹನ್ನೆರಡಕ್ಕೆ ಹತ್ತು ನಿಮಿಷ. ಪೆನ್‌ಡ್ರೈವ್ ಕಿತ್ತು ಆರಿಸಿ ಹಾಕಿದೆ.
ನೀಲಿ ಪಟ್ಟಿ. ಐದು, ನಾಲ್ಕು, ಮೂರು,
ಯಾರಿಗಾಗಿ ಕಾಯುತ್ತಿದೆಯೋ.
ಆಮೇಲೆ ಅಕ್ಷರಗಳ ಬುತ್ತಾಟ, ಬಲೆ ಎಳೆದಾಗಿನ ಹಾಗೆ,
ಆಮೇಲೆ ಸೊಸೈಟಿಯ ಹೆಸರು.
ಎಬ್ಬಿಸಿದವನು ಎಲ್ಲಿ ಹೋದ, ಎದ್ದವರು ಕೇಳುವುದಿಲ್ಲ.

ನಾಲ್ಕು ನೂರು ಲೀಟರಿನ ಚೀಟಿ ಮಡಚಿ
ತುಳಸೋ ಟೋಪಿಯೊಳಗೆ ಇಟ್ಟುಕೊಂಡ.
ನಾನು ಡಬ್ಬಿಯ ಮೈಮೇಲೆ ಮಾರ್ಕರಿನಲ್ಲಿ ದಪ್ಪಗೆ
'ಎ' ಎಂದು ಬರೆದೆ. ಮುಂದಿನ ವರ್ಷಕ್ಕೆ
ಇದೂ ಹಳೆಯ ಗುರುತಾಗಬಹುದು, ಗೊತ್ತು.

ಕಿಟಕಿಯಾಚೆ ಕತ್ತಲು. ಇಂಜಿನ್ ನಿಧಾನಕ್ಕಿದೆ.
ಮೂತಿಯಲ್ಲಿ ನಿಂತ ಖಲಾಶಿ ಕೋಲು ಇಳಿಸಿ
ಆಳ ಕೂಗುತ್ತಿದ್ದಾನೆ:
ಎರಡು ಮಾರು.
ಎರಡು.
ಒಂದೂವರೆ, ತಡಿ,
ತಡಿ.