ಅರ್ಧ ಸುತ್ತು

ಅರಸೀಕೆರೆಯ ನೀರಿಗೆ ಉಪ್ಪಿನ ಹಟ.
ಹಿತ್ತಲ ನಲ್ಲಿಯ ಮೂತಿಗೆ ಬಿಳಿ ಗಡ್ಡ ಬೆಳೆಸಿತ್ತು.
ಹುಣಸೆಹಣ್ಣು ಮೆತ್ತಿ ರಾತ್ರಿ ಬಟ್ಟೆ ಸುತ್ತಿಡಿ,
ಬೆಳಿಗ್ಗೆ ಹಳೇ ಬ್ರಶ್ಶಿನಲ್ಲಿ ಉಜ್ಜಿ ಅಂದ
ಹಾರ್ಡ್‌ವೇರ್ ಅಂಗಡಿಯ ನಯಾಜ್.
ಗಡ್ಡ ಹೋಯಿತು. ತೊಟ್ಟಿಕ್ಕುವುದು ಹೋಗಲಿಲ್ಲ.

ಟಪ್.
ಎರಡು ಗಂಟೆಯ ಗೂಡ್ಸ್ ಗಾಡಿ ದಾಟಿದ ಮೇಲೆ
ಮತ್ತೆ ಟಪ್.
ಕಂತು ತೀರದ ಮನೆಯಲ್ಲಿ
ಹನಿಗೊಂದು ರಸೀದಿ ಹರಿದಂತೆ.

ಭಾನುವಾರ, ಮೊದಲು ಟ್ಯಾಂಕಿನ ವಾಲ್ವು ಮುಚ್ಚಿದೆ.
ಮರೆತವರ ಕಥೆ ಪಕ್ಕದ ಮನೆಯ ಗೋಡೆ ಮೇಲಿದೆ.
ಟಾರ್ಚು ಹಿಡಿದವರು ನಮ್ಮತ್ತೆ ಸಿದ್ದಗಂಗಮ್ಮ.
ಎಂಟು ರೂಪಾಯಿಯ ವಾಷರು;
ಬಿಳಿ ಟೇಪು, ಗಡಿಯಾರದ ಮುಳ್ಳು ಹೋಗುವ ಕಡೆಗೇ ಹನ್ನೆರಡು ಸುತ್ತು.
ಎದುರು ಸುತ್ತಿದರೆ ತಿರುಗಿಸುವಾಗಲೇ ಬಿಚ್ಚಿಕೊಳ್ಳುತ್ತೆ,
ಮುನಿಸಿಕೊಂಡ ನೆಂಟರ ಹಾಗೆ.
ಕೈಯಲ್ಲಿ ಬಿಗಿದು, ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಸಾಕು.
ಜಾಸ್ತಿ ಬಿಗಿದರೆ ಹಿತ್ತಾಳೆಯೂ ಸೀಳುತ್ತೆ.

ಆ ರಾತ್ರಿ ಗಾಡಿಯೂ ಕೇಳಿಸದಷ್ಟು ನಿದ್ದೆ.

ವಾರ ಕಳೆಯುವುದರೊಳಗೆ
ನಲ್ಲಿಯ ಬುಡದ ಒಂದೆಲಗ ತಲೆ ಜೋತುಬಿತ್ತು.
ಯಾರೂ ನೆಟ್ಟದ್ದಲ್ಲ. ಚಪ್ಪಡಿಯ ಸಂದಿಯಲ್ಲಿ ತಾನೇ ಹಬ್ಬಿ
ಅತ್ತೆಯ ಚಟ್ನಿಗೆ ಹಿಡಿ ಎಲೆ ಕೊಡುತ್ತಿದ್ದದ್ದು.
ಹನಿ ಕುಡಿಯಲು ಬರುತ್ತಿದ್ದ ಜೇನ್ನೊಣ
ಒಣಗಿದ ಮೂತಿಯನ್ನು ಎರಡು ಸಲ ಸುತ್ತಿ
ಕಾಂಪೌಂಡ್ ದಾಟಿತು.

ಅತ್ತೆ ಏನೂ ಅನ್ನಲಿಲ್ಲ.
ಅಕ್ಕಿ ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ
ಸೊಂಟ ಹಿಡಿದು ಬಗ್ಗಿ ಆ ಸಂದಿಗೇ ಸುರಿದರು.
ಬೋಗುಣಿ ಖಾಲಿಯಾದ ಮೇಲೂ
ನಾನು ನೋಡುತ್ತಿರುವುದು ಗೊತ್ತಿದ್ದೂ
ಹಾಗೇ ವಾಲಿಸಿ ಹಿಡಿದಿದ್ದರು,

ಟಪ್.