ಅರೆ ಹಿಸ್ಸೆ

ಸಿದ್ದಾಪುರದಲ್ಲಿ, ಕರಿಮೆಣಸಿನ ಮಂಡಿಯ ಮೇಲೆ
ನನ್ನ ಅಂಗಡಿ. ಜೆರಾಕ್ಸ್, ಡಿಟಿಪಿ, ಪಾಸ್‌ಪೋರ್ಟ್ ಫೋಟೋ.
ಕಾಗದಕ್ಕೂ ಘಾಟು ಹತ್ತಿದೆ.
ಸೀನದೆ ಅರ್ಜಿ ಬರೆಸಿಕೊಂಡವರು ಇಲ್ಲಿಲ್ಲ.

ದೇಚಮ್ಮ ಎರಡು ಸಲ ಸೀನಿ, ಕೂತು,
ಫೋನು ನನ್ನತ್ತ ನೂಕಿದರು:
‘ಸಫಿಯಾ, ವಿರಾಜಪೇಟೆ ಕಚೇರಿಯಿಂದ ಬಂದಿದೆ.
ಯಾವ ದೇಶದ ಭಾಷೆ ನೋಡು.’

ಲಗತ್ತು ಒತ್ತಿದೆ.
ತಲೆಗೆ ಓರೆ ಗೀಟು ಹೊತ್ತ ಎ,
ಕೊಂಬು ಮೂಡಿದ ಇ,
ಎರಡೂ ಅಪ್ಪಿಕೊಂಡು ಬಿಡಿಸಲಾಗದೆ ಅಂಟಿದ್ದು,
ನಡುನಡುವೆ ಪೌಂಡಿನ ಗುರುತು.
ಮೊಹರು ಮಾತ್ರ, ಅದು ಚಿತ್ರವಾದ್ದರಿಂದ,
ದುಂಡಗೆ, ನೇರಳೆಯಾಗಿ, ಸ್ಪಷ್ಟ.

ಗೊತ್ತಿದ್ದದ್ದೆಲ್ಲ ಮಾಡಿದೆ.
ಮತ್ತೆ ಇಳಿಸಿದೆ. ಕಡತದ ಹೆಸರಿನ ಬಾಲ ಕತ್ತರಿಸಿ
ಬೇರೆ ಬಾಲ ಅಂಟಿಸಿದೆ.
ಫೋನಿನಿಂದ ಕಂಪ್ಯೂಟರಿಗೆ, ಅಲ್ಲಿಂದ
ಮಂಡಿಯ ಮುನೀರನ ಹೊಸ ಲ್ಯಾಪ್‌ಟಾಪಿಗೆ.
ಹೋದಲ್ಲೆಲ್ಲ ಅದೇ ಗೀಟು, ಅದೇ ಪೌಂಡು.
ಕಚೇರಿಗೆ ಫೋನು ಮಾಡಿದರೆ
‘ನಮ್ಮಲ್ಲಿ ಚೆನ್ನಾಗೇ ಕಾಣ್ತದಲ್ಲ ಮೇಡಂ’ ಅಂದು
ಅದನ್ನೇ ಇನ್ನೊಂದು ಸಲ ಕಳಿಸಿದರು.
ಕರೆಂಟು ಹೋಯಿತು.
ಯುಪಿಎಸ್ಸು ತಾಯಿ ತಪ್ಪಿದ ಕೋಳಿಮರಿಯ ಹಾಗೆ ಕೂಗಿತು.

ದೇಚಮ್ಮ ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದವರು.
ಲೈನ್‌ಮನೆಗಳಿಗೆ ಬರುವ ತಮಿಳು ಲಕೋಟೆ,
ಮಲಯಾಳದ ಇನ್‌ಲ್ಯಾಂಡು, ನೆನೆದು ಹರಡಿದ ನೀಲಿ ಶಾಯಿ,
‘ಆನೆ ಬಿದ್ದ ಕೆರೆ ಹತ್ತಿರ, ಸೆಲ್ವಿಗೆ’
ಅಂತಷ್ಟೇ ಇದ್ದ ಕಾರ್ಡು.
ಒಂದನ್ನೂ ಹಿಂದಕ್ಕೆ ಕಳಿಸಿದವರಲ್ಲ.

‘ಪ್ರಿಂಟು ಕೊಡು’ ಅಂದರು. ಕರೆಂಟು ಬಂದ ಮೇಲೆ ಕೊಟ್ಟೆ.
ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನವರೆಗೆ ತಂದು,
ಒಮ್ಮೆಲೇ ಬೆರಳಿಟ್ಟರು: ‘ಇಗೋ. ಅರೆ.’
ಹೌದು. ಒಂದು, ಗೀಟು, ಎರಡು.
ಲೆಕ್ಕದ ಪುಸ್ತಕದ ಅರ್ಧವೇ.
‘ತೋಟದಲ್ಲಿ ಹಿಸ್ಸೆ ಕೇಳಿದ್ದೆನಲ್ಲ.
ಕಾಲು ಕೊಟ್ಟರೆ ಹೆಚ್ಚು ಅಂದಿದ್ದ ತಮ್ಮ ಮಾಚಯ್ಯ.
ಅರೆ ಅಂತ ಬರೆದಿದ್ದಾರೆ ನೋಡು.
ಪಕ್ಕದಲ್ಲಿ ಸಣ್ಣ ಒಂದು. ಮೊದಲ ಹಕ್ಕು ನನ್ನದು.
ಪೌಂಡು ಯಾಕೋ. ದೊರೆಗಳ ಕಾಲದ ಲೆಕ್ಕ ಇರಬೇಕು.’
ಕೆಳಗಿನಿಂದ ಟೀ ತರಿಸಿದರು.
ದುಡ್ಡು ಅವರೇ ಕೊಟ್ಟರು, ಮುನೀರನದೂ ಸೇರಿಸಿ.

ಆಗಲೇ ನೆನಪಾದದ್ದು ಹಳೆಯ ಸಿ.ಡಿ.
ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಅಂಗಿ ತೊಡಿಸುತ್ತಿದ್ದ
ಆ ಕಾಲದ ಫಾಂಟುಗಳು.
ಅಂಗಿ ಕಚೇರಿಯಲ್ಲೇ ಉಳಿದು
ಮೈಯಷ್ಟೇ ಇಲ್ಲಿಗೆ ಬಂದಿದೆ.
ಡ್ರಾಯರಿಗೆ ಹೋದ ಕೈ ಅಲ್ಲೇ ನಿಂತಿತು.
ಟೀ ಇನ್ನೂ ಅರ್ಧ ಲೋಟ ಇತ್ತು ಅವರ ಕೈಯಲ್ಲಿ.

ಆದರೆ ಮೂವತ್ತೊಂದು ವರ್ಷದ ಬೆರಳು ಸುಮ್ಮನಿರುತ್ತದೆಯೇ?
ಪೆನ್ಸಿಲು ಹಿಡಿದು ಸುತ್ತು ಹಾಕುತ್ತಲೇ ಇದ್ದರು.
‘ಸಫಿಯಾ,
ಅರೆ ನಾಲ್ಕು ಕಡೆ ಇದೆ.’
ಸ್ವಲ್ಪ ಹೊತ್ತು ಬಿಟ್ಟು,
‘ನಾಲ್ಕು ಅರೆ ಅಂದರೆ ಎರಡು ತೋಟ.
ನಮಗಿರುವುದು ಒಂದೇ.’

ಸಿ.ಡಿ. ಹಾಕಿದೆ. ಅದು ಗೊರಗೊರ ತಿರುಗಿತು.
ಪೌಂಡುಗಳೆಲ್ಲ ನಕಾರವಾದವು.
ಅರೆಗಳೆಲ್ಲ ಳಿ ಆದವು, ಸಣ್ಣ ಒಂದು ಸಿ ಆಯಿತು:
‘ದಿನಾಂಕ ಹದಿನಾರರಂದು ತಾವು ಲಗತ್ತಿಸಿ ಕಳಿಸಿರುವ ಅರ್ಜಿಯು
ನಮ್ಮ ಗಣಕದಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದು,
ಅದನ್ನು ತಿಳಿಯುವಂತೆ ಮತ್ತೊಮ್ಮೆ ಕಳಿಸಿ
ಎಂದು ತಿಳಿಸಲಾಗಿದೆ.’

ಆ ಅರ್ಜಿ ಟೈಪು ಮಾಡಿದವಳು ನಾನೇ.
ನಮ್ಮಲ್ಲಿ ಚೆನ್ನಾಗೇ ಕಂಡಿತ್ತು.

ಅವರು ಬೈಯಲಿಲ್ಲ. ಲೋಟ ಖಾಲಿ ಮಾಡಿದರು.
‘ಎರಡು ಕಾಪಿ ತೆಗಿ. ಮೂರೂವರೆ ಬಸ್ಸಿಗೆ
ನಾನೇ ಕೊಂಡುಹೋಗ್ತೇನೆ.’
ಕಾಪಿ ತೆಗೆದು ಕೊಟ್ಟೆ, ಬಿಸಿಯಾಗಿದ್ದವು.
ಹಾಳು ಪ್ರಿಂಟನ್ನು ಬುಟ್ಟಿಗೆ ಹಾಕಲು ಹೊರಟರೆ
ಕೈ ಹಿಡಿದರು.
‘ಇರಲಿ ಕೊಡು. ಮಾಚಯ್ಯನಿಗೆ ತೋರಿಸ್ತೇನೆ.
ಅವನಿಗೂ ಓದಲು ಬರೋದಿಲ್ಲ.
ಮೊಹರು ಚೆನ್ನಾಗಿ ಬಿದ್ದಿದೆ.’