ಬಕಧ್ಯಾನ

ಬಚ್ಚಲಮನೆ ಹೊಸದು ಮಾಡಿಸಿದ ವರ್ಷ
ಹಳೆಯ ಬಾತ್‌ಟಬ್ಬನ್ನು ಗುಜರಿಗೆ ಕೊಡದೆ
ಹಿತ್ತಿಲಲ್ಲಿ ಹೂತಳು ಈನಿಡ್ ಥರ್ಲ್‌ವೆಲ್,
ಹೆಕ್ಸಮ್ ಪೇಟೆಯ ಮಾಜಿ ಅಂಚೆಯವಳು.
ನಲ್ಲಿಯಿದ್ದ ತೂತಿಗೆ ಪಾಚಿ ಬಂತು,
ಪಾಚಿಗೆ ಬಸವನಹುಳು, ಅದರ ಹಿಂದೆ
ಕರೆಯೋಲೆ ಇಲ್ಲದೆ ಕಪ್ಪೆಗಳು.

ಪಕ್ಕದ ಮನೆಯ ಡಾಡ್ ಬೇಲಿಯ ಮೇಲಿಂದ ನಕ್ಕ:
‘ಸ್ನಾನ ಯಾವಾಗ?’
ಅವನದು ದುಡ್ಡಿನ ಮೀನು, ಕೊಳಕ್ಕೆಲ್ಲ ಬಲೆ.

ಇದು ಜೂನ್. ಇಲ್ಲಿ ರಾತ್ರಿಯೆಂದರೆ
ಕಣ್ಣು ಮುಚ್ಚಿ ತೆರೆಯುವಷ್ಟು.
ನಾಲ್ಕೂವರೆಗೇ ಬಕೆಟ್ ಬೋರಲು ಹಾಕಿ ಕೂತಿದ್ದಾಳೆ;
ಮೊಣಕಾಲ ಮೇಲೆ ಯಾರೋ ಬಳಸಿ ಬಿಟ್ಟ ಕ್ಯಾಮೆರಾ,
ಮೂವತ್ತೊಂದು ವರ್ಷ ಹೊತ್ತ ಚೀಲಕ್ಕಿಂತ
ಭಾರ ಅದರ ಲೆನ್ಸು.
ಚಹಾದ ಮೇಲೊಂದು ಸೊಳ್ಳೆ ತೇಲುತ್ತಿದೆ.

ಐರಿಸ್ ದಂಟಿನ ಮೇಲೆ, ಅಗೋ,
ಎರಡು ವರ್ಷ ಕೆಸರಲ್ಲಿದ್ದ ಹುಳು ಹತ್ತಿ ನಿಂತಿದೆ.
ಬೆನ್ನು ಬಿರಿಯಿತು,
ಲಕೋಟೆ ಬಿಚ್ಚುವಷ್ಟೂ ಸದ್ದಿಲ್ಲ.
ಮೊದಲು ತಲೆ, ಆಮೇಲೆ ಎದೆ,
ಮಡಚಿಟ್ಟ, ಇನ್ನೂ ಒದ್ದೆ ರೆಕ್ಕೆ.
ಏರೋಪ್ಲೇನ್ ಚಿಟ್ಟೆ!
ತಲೆಕೆಳಗಾಗಿ ತೂಗಿ, ಸುಸ್ತಾಗಿ, ಸುಮ್ಮನಾಯಿತು.

ಆಗ ಬೂದು ಬಕ.
ಬಂದದ್ದು ಕಾಣಲಿಲ್ಲ; ಇತ್ತು, ಅಷ್ಟೇ.
ಒಂದು ಕಾಲು ಟಬ್ಬಿನ ಅಂಚಿನಲ್ಲಿ,
ಇನ್ನೊಂದು ಎಲ್ಲೋ ಗರಿಯೊಳಗೆ.
ಹಕ್ಕಿಯೂ ಕದಲಲಿಲ್ಲ, ಹೆಂಗಸೂ.
ಕೂಗಬಹುದಿತ್ತು. ಚಪ್ಪಾಳೆ ತಟ್ಟಬಹುದಿತ್ತು,
ಬಕೆಟ್ ಒದೆಯಬಹುದಿತ್ತು.
ಬೆರಳು ಮಾತ್ರ ಗುಂಡಿಯ ಮೇಲೆ.

ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡಂತೆ
ಮುಗಿಯಿತು.
ಹದಿನಾಲ್ಕು ಚಿತ್ರ. ಹದಿನಾಲ್ಕರಲ್ಲೂ
ಬಕ ಒಂದು ಮಸುಕು;
ಹಿಂದೆ ಡಾಡನ ಒಣಹಾಕಿದ ಪೈಜಾಮ
ಪಟ್ಟೆ ಎಣಿಸುವಷ್ಟು ಸ್ಪಷ್ಟ.

ನಗು ಬಂತು. ಆಮೇಲೆ ಬರಲಿಲ್ಲ.
ಎರಡು ವರ್ಷ, ಅಂದುಕೊಂಡಳು, ಕೆಸರಲ್ಲಿ.

ದಂಟಿಗಿನ್ನೂ ಕಚ್ಚಿಕೊಂಡಿದೆ ಕಳಚಿದ ಅಂಗಿ,
ಆರೂ ಕಾಲು, ಕಣ್ಣಿನ ಗಾಜು ಕೂಡ;
ಬೆನ್ನಲ್ಲಿ ಸೀಳು, ಸೀಳಿನಲ್ಲಿ ನಾಲ್ಕು ಬಿಳಿ ನೂಲು.
ಉಗುರಿನಿಂದ ಬಿಡಿಸಿದಳು, ಬೆಂಕಿಪೊಟ್ಟಣದಲ್ಲಿಟ್ಟಳು,
ಮೇಲೆ ಬರೆದಳು: ಮಾರ್ನಿ ಡಾಡ್, ವಯಸ್ಸು ಆರು.
ನಿನ್ನೆ ಬೇಲಿಯ ಸಂದಿಯಿಂದ ಕೇಳಿದ್ದಳು ಆ ಮೊಮ್ಮಗಳು,
ಹುಳ ರೆಕ್ಕೆ ಎಲ್ಲಿ ಬಚ್ಚಿಟ್ಟಿರುತ್ತೆ ಅಂತ.

ಸ್ಟಾಂಪಿಲ್ಲ. ಏಳಕ್ಕೆ ಮುಂಚೆ,
ಹಳೆಯ ರೂಢಿಯಂತೆ ಎರಡು ಬೆರಳಿಂದ ಮುಚ್ಚಳ ಎತ್ತಿ
ಬಾಗಿಲ ಕಂಡಿಯೊಳಗೆ
ಮಣಿಕಟ್ಟಿನವರೆಗೂ ಕೈ ಇಳಿಸಿ ಬಿಟ್ಟಳು,
ಮೆಲ್ಲಗೆ,
ಒಳಗೆ ನಾಯಿ ಬೊಗಳತೊಡಗಿದರೂ.